ಬಕ್ಕಪ್ಪನ ಪಾಲಿಶ್ ದಂಡಯಾತ್ರೆ

ಕ್ಷಮೆ ದೊಡ್ಡ ಗುಣ ಎಂಬುದನ್ನು ಬಸವಕಲ್ಯಾಣದ ಬಕ್ಕಪ್ಪನೂ ಒಪ್ಪುತ್ತಾನೆ. ಆದರೆ ಅಷ್ಟು ದೊಡ್ಡ ಗುಣ ತನ್ನ ಸಣ್ಣ ಶೆಡ್ಡಿನಲ್ಲಿ ಹಿಡಿಸುವುದಿಲ್ಲ ಎನ್ನುತ್ತಾನೆ.

ಮುಡಬಿಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದ ಅವನಿಗೆ ಉಣ್ಣೆಯ ಗುಣ ಬೆರಳಿಗೇ ಗೊತ್ತು. ಈಗ ಐವತ್ತರ ವಯಸ್ಸಿನಲ್ಲಿ ಈ ಮಹಾರಥಿ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ, ಉಣ್ಣೆಯ ಚಕ್ರ ತೊಡಿಸಿದ ಪಾಲಿಶ್ ಯಂತ್ರವನ್ನು ಗದೆಯಂತೆ ಹಿಡಿದು ನಿಲ್ಲುತ್ತಾನೆ. ದೊಡ್ಡ ಗಾಡಿಯವರು ಹೈದರಾಬಾದಿಗೆ ಹೋಗಿ ಹಣ ಸುರಿದು ಕೋಟಿಂಗ್ ಮಾಡಿಸಿಕೊಳ್ಳಲಿ. ಬಕ್ಕಪ್ಪನ ಪ್ರಜೆಗಳೇ ಬೇರೆ. ಕಿರಾಣಿ ಅಂಗಡಿಯವರ ವ್ಯಾನು, ಮಾಸ್ತರರ ಹಳೆಯ ಕಾರು, ಸೋಯಾಬೀನ್ ರಾಶಿಯ ಧೂಳು ಕುಡಿದು ಬಂದ ಕೊಹಿನೂರಿನ ರೈತರ ಜೀಪು. ದೀಪಾವಳಿಗೆ ಮುಂಚೆ ವರ್ಷಕ್ಕೊಮ್ಮೆ ತೊಳೆದು, ಗೀರು ತೆಗೆದು, ಹೊಳೆಯುವಂತೆ ಉಜ್ಜಿ, ಮೇಲೊಂದು ಮೇಣದ ಪದರು ಬಳಿದು ಕೊಡಲು ಎರಡು ಸಾವಿರ. ಬಿಸಿಲು, ಧೂಳು, ಕಾಗೆಯ ಕೃಪೆ ಎಲ್ಲಕ್ಕೂ ಮುಂದಿನ ದೀಪಾವಳಿಯವರೆಗೆ ಅದೇ ಕವಚ. ಹಬ್ಬದ ಮುಂಚಿನ ಆ ಮೂರು ವಾರದ ದುಡಿಮೆಯೇ ಅವನ ಮನೆಯ ವರ್ಷದ ಅನ್ನ.

ಕಳೆದ ವರ್ಷ ಆ ಮೂರು ವಾರ ಶುರುವಾದ ದಿನವೇ ಶಾಲೆಯ ಟೀಚರ್ ಸುಗಂಧಾ ತಮ್ಮ ಕೆಂಪು ಕಾರು ತಂದರು. ಹತ್ತು ಸಲ ಉಜ್ಜುವಷ್ಟರಲ್ಲಿ ಬಕ್ಕಪ್ಪನ ಕೈಯಲ್ಲಿದ್ದ ಬಿಳಿ ಬಟ್ಟೆ ಕುಂಕುಮದಲ್ಲಿ ಅದ್ದಿದಂತಾಯಿತು.

“ಅಯ್ಯಯ್ಯ, ನನ್ನ ಗಾಡಿ ಬಣ್ಣಾನ ಕಿತ್ತಿ ತಗದ್ರಲ್ರಿ!”

“ಅಕ್ಕೋರ, ಇದು ಕಂಪನಿ ಪೇಂಟ್ ಅಲ್ರಿ. ಕಂಪನಿ ಬಣ್ಣದ ಮ್ಯಾಲ ಗಾಜಿನಂಥಾ ಪದರ ಇರ್ತದ. ಎಷ್ಟ್ ತಿಕ್ಕಿದ್ರೂ ಬಟ್ಟಿಗಿ ಬಣ್ಣ ಹತ್ತಂಗಿಲ್ಲ. ಇದನ್ನ ಯಾರೋ ಸಸ್ತಾದಾಗ ಬಳದು ಕೂಡ್ಸ್ಯಾರ.”

“ಹ್ಯಾಂಗ್ರಿ? ಕಂಪನಿ ಪೇಂಟ್ ಅಂತ ಓಂಪ್ರಕಾಶ ಸೇಠ ಆಣಿ ಮಾಡಿ ಕೊಟ್ಟಾರ!”

ಓಂಪ್ರಕಾಶ ಸೇಠ ಹುಮನಾಬಾದಿನಲ್ಲಿ ಹಳೆಯ ಕಾರು ಮಾರುವ ಚಕ್ರವರ್ತಿ. ಟೀಚರ್ ಆ ಬಟ್ಟೆಯನ್ನು ಒಯ್ದು ಅವನ ಮುಂದೆ ಹಿಡಿದರು. ಅವನು ಅದರ ಫೋಟೋ ತೆಗೆದು, ‘ಬಸವಕಲ್ಯಾಣದ ಬಕ್ಕಪ್ಪ ಪಾಲಿಶಿನಲ್ಲಿ ಆಸಿಡ್ ಬೆರೆಸುತ್ತಾನೆ, ಎಚ್ಚರ’ ಎಂದು ವಾಟ್ಸಾಪಿಗೆ ಬಿಟ್ಟ. ಎರಡೇ ದಿನದಲ್ಲಿ ಅದು ಹುಲಸೂರ ದಾಟಿತು. ಶೆಡ್ಡು ಬಿಕೋ ಎಂದಿತು. ಆ ವಾರ ಬಂದು ನಿಂತದ್ದು ಒಂದೇ ಕಾರು. ಅದೂ ಸೊಲ್ಲಾಪುರದ ದಾರಿ ಕೇಳುವುದಕ್ಕೆ.

“ಹೋಗಿ ಸೇಠನ ಕಾಲ್ ಹಿಡದು ಆ ಫೋಟೋ ತಗಸ್ರಿ,” ಎಂದಳು ಹೆಂಡತಿ ಭೀಮಬಾಯಿ.

“ಕಾಲ್ ಹಿಡೀತೀನಿ,” ಎಂದ ಬಕ್ಕಪ್ಪ. “ಜಗ್ಗಿ ಕೆಡವಾಕ.”

ಮರುದಿನ ಶೆಡ್ಡಿಗೆ ಹೊಸ ಫಲಕ ಬಂತು: ‘ಓಂಪ್ರಕಾಶ ಸೇಠರ ಬಳಿ ಕೊಂಡ ಕಾರುಗಳಿಗೆ ಉಚಿತ ಬಣ್ಣ ಪರೀಕ್ಷೆ. ಅಂಗೈಯಗಲ ಮಾತ್ರ.’ ಪುಕ್ಕಟೆ ಎಂಬ ಮಂತ್ರಕ್ಕೆ ಬಾಗದ ತಲೆಯುಂಟೇ? ನಾಲ್ಕು ದಿನದಲ್ಲಿ ಏಳು ಕಾರು ಬಂದವು. ಏಳಕ್ಕೆ ಏಳೂ ಬಣ್ಣ ಬಿಟ್ಟವು. ಉಜ್ಜುವ ಬಟ್ಟೆಗಾಗಿ ಭೀಮಬಾಯಿಯ ಹಾಸಿಗೆಯ ಬಿಳಿ ಚಾದರ ಚೂರು ಚೂರಾಯಿತು. ಬಿಳಿ ಕಾರುಗಳ ಸಲುವಾಗಿ ಅವಳ ಕರಿ ಲಂಗವೂ ವೀರಮರಣ ಹೊಂದಿತು. ಕೆಂಪು, ನೀಲಿ, ಬೂದು ಬಟ್ಟೆಗಳ ಮೇಲೆ ಗಾಡಿಯ ನಂಬರ್ ಬರೆದು, ಹುಮನಾಬಾದ್ ಬಸ್ಸಿನವರಿಗೆಲ್ಲ ಕಾಣುವಂತೆ ಬಕ್ಕಪ್ಪ ಹಗ್ಗಕ್ಕೆ ಹಾರಿಸಿದ.

ಊರು ಮಾತ್ರ ಇನ್ನೂ ಅತ್ತಿತ್ತ ತೂಗುತ್ತಿತ್ತು.

“ಎಲ್ಲಾ ಗಾಡಿನೂ ಬಣ್ಣ ಬಿಟ್ಟಾವಂದ್ರ ಆಸಿಡ್ ಖರೇನ ಇರಬೇಕು ಅನ್ನಾಕತ್ತಾರ,” ಎಂದಳು ಭೀಮಬಾಯಿ. “ಬಣ್ಣ ಬಿಡಲಾರದ ಗಾಡಿ ಒಂದರೆ ತೋರಸ್ರಿ.”

“ನಾ ತಂದು ತೋರಿಸಿದ್ರ ಯಾರ್ ನಂಬ್ತಾರ? ನಂಬುವಂಥಾ ಗಾಡಿ ತಾನ ಬರ್ತದ, ತಡಿ.”

ಬಂತು. ‘ನಾಳೆ ಹನ್ನೊಂದಕ್ಕೆ ಹೋಗಿ ಆ ಚಿಂದಿ ಇಳಿಸುತ್ತೇನೆ’ ಎಂದು ಸೇಠನೇ ವಾಟ್ಸಾಪಿನಲ್ಲಿ ಸಾರಿದ್ದರಿಂದ, ಹತ್ತೂವರೆಗೇ ರಣರಂಗ ತುಂಬಿತ್ತು. ಆಟೋದವರು, ಚಹಾದಂಗಡಿಯವರು, ಏಳು ಕಾರಿನವರು, ಸುಗಂಧಾ ಟೀಚರ್. ಸೇಠ ತನ್ನ ಭಾರಿ ಕರಿ ಕಾರಿನಿಂದ ಇಳಿದ.

“ಏ ಬಕ್ಕ್ಯಾ! ಚಿಂದಿ ಇಳಸ್ತಿಯೋ ಇಲ್ಲೋ?”

“ಇಳಸ್ತೀನ್ರಿ. ನಿಮ್ಮ ಗಾಡಿಗೋಳ ಬಣ್ಣಾನ ಅದು, ಒಯ್ದು ಮತ್ತ ಹಚ್ಚಕೋರಿ.”

“ನಿನ್ನ ಆಸಿಡ್ ಆಟ ನನ್ನ ಮುಂದ ನಡಿಯಂಗಿಲ್ಲ!”

“ನಿಮ್ಮ ಈ ಗಾಡಿಗೂ ಹಚ್ಚಿ ನೋಡೋಣೇನ್ರಿ? ಬ್ಯಾಡ ಬಿಡ್ರಿ. ಇದೂ ಸಸ್ತಾ ಬಣ್ಣಾನ ಇರಬೇಕು. ಮಂದಿ ಮುಂದ ಯಾಕ ಮರ್ಯಾದಿ ಕಳಕೊಂತೀರಿ?”

ಸೇಠನ ಮೀಸೆ ಅದುರಿತು. “ನನ್ನ ಗಾಡಿಗಿ ಸಸ್ತಾ ಅಂತಿಯಾ? ಷೋರೂಮಿನಿಂದ ತಂದದ್ದದು! ತಿಕ್ಕು! ಬಣ್ಣ ಬಿಟ್ರ ನಾ ಧಂದಾನ ಬಿಡ್ತೀನಿ!”

ಅವರ ಕಾರಿಗೆ ಹಚ್ಚಿದ ಪಾಲಿಶ್ ಡಬ್ಬಿಯೇ ಇದು ಎಂದು ಟೀಚರ್‌ಗೆ ತೋರಿಸಿ, ಬಾನೆಟ್ ತೊಳೆದು ಒರೆಸಿ, ಬಕ್ಕಪ್ಪ ಅದರ ನಟ್ಟನಡುವೆ ಅಂಗೈಯಗಲ ಉಜ್ಜತೊಡಗಿದ. ನೂರು ಸಲ ಉಜ್ಜಿದ. ಬಟ್ಟೆ ಹಾಲಿನಷ್ಟು ಬಿಳಿಯಾಗಿಯೇ ಉಳಿಯಿತು. ಸೇಠ ಅದನ್ನು ಕಸಿದುಕೊಂಡು ತಲೆಯ ಮೇಲೆತ್ತಿದ.

“ನೋಡ್ರಿ ಎಲ್ಲಾರೂ! ಒಂದ್ ಚೂರೂ ಬಣ್ಣ ಇಲ್ಲ! ಇದಕ್ಕಂತಾರ ಕಂಪನಿ ಪೇಂಟ್!”

“ಜೋರಾಗಿ ಹೇಳ್ರಿ ಸೇಠಜಿ. ಹಿಂದಿನವ್ರಿಗಿ ಕೇಳಸಿಲ್ಲ.”

“ಕಂಪನಿ ಪೇಂಟ್ ಎಷ್ಟ್ ತಿಕ್ಕಿದ್ರೂ ಬಣ್ಣ ಬಿಡಂಗಿಲ್ಲ!” ಸೇಠ ಗರ್ಜಿಸಿದ.

ಆ ಗರ್ಜನೆ ಅಡಗಿದ ಮೇಲೆ ಸುಗಂಧಾ ಟೀಚರ್ ತರಗತಿಯಲ್ಲಿ ಕೇಳುವ ದನಿಯಲ್ಲೇ ಕೇಳಿದರು: “ಹಂಗಾದ್ರ ನನ್ನ ಗಾಡಿ ಯಾಕ ಬಿಡ್ತ್ರಿ?”

ಸೇಠನ ಕೈ ಮೇಲೆಯೇ ಉಳಿಯಿತು. ಏಳು ಕಾರಿನವರು ಏಳು ಕಡೆಯಿಂದ ಹತ್ತಿರ ಬಂದರು. ಯಾರೋ ವಿಡಿಯೋ ಹಿಡಿದಿದ್ದರು. ಫೋಟೋ ಎರಡು ದಿನ ನಡೆದ ದಾರಿಯನ್ನು ಅದು ಅರ್ಧ ತಾಸಿನಲ್ಲಿ ಓಡಿತು. ಸೇಠ ಎಂಟು ಜನರಿಗೂ ನಷ್ಟ ತುಂಬಿಕೊಡುವುದಾಗಿ ಎಲ್ಲರೆದುರು ಒಪ್ಪಿದ, ಆಸಿಡ್ ಮಾತು ಸುಳ್ಳೆಂದು ಅಲ್ಲಿಯೇ ನಿಂತು ಬರೆದು ಕಳಿಸಿದ. ಬಕ್ಕಪ್ಪನ ಫೋನಿಗೆ ಪುರುಸೊತ್ತಿಲ್ಲದಾಯಿತು.

ಹೊರಡುವಾಗ ಸೇಠನ ಕಣ್ಣು ಬಾನೆಟ್ಟಿನ ಮೇಲೆ ಬಿತ್ತು. ಒಣಬಟ್ಟೆಯಿಂದ ದಿನಾ ಧೂಳು ಒರೆಸಿ ಒರೆಸಿ ಗೀರುಬಿದ್ದು ಮಂಕಾಗಿದ್ದ ಕರಿಬಣ್ಣದ ನಡುವೆ ಅಂಗೈಯಗಲದ ಜಾಗ ಕನ್ನಡಿಯಂತೆ ಥಳಥಳಿಸುತ್ತಿತ್ತು.

“ಬಕ್ಕಪ್ಪಣ್ಣ, ಇದೊಂದ ಕಡಿ ಹೊಳ್ಯಾಕತ್ತದಲ್ಲೋ. ಉಳದದ್ದೂ ತಿಕ್ಕಿ ಕೊಡಪಾ.”

“ಕೊಡ್ತೀನ್ರಿ. ಪಾಳಿ ಹಚ್ರಿ. ಸಂಕ್ರಾಂತಿ ತನಕ ಖಾಲಿ ಇಲ್ಲ.”

ಕಾರು ಹುಮನಾಬಾದಿನ ಕಡೆಗೆ ತಿರುಗಿತು. ಭೀಮಬಾಯಿಗೆ ಕರುಣೆ ಉಕ್ಕಿತು. “ಪಾಪ, ಅಷ್ಟ ಯಾಕ ಕಾಡಿದ್ರಿ? ತಿಕ್ಕೋದು ತಿಕ್ಕಿದ್ರಿ, ಯಾವದರೆ ಮೂಲ್ಯಾಗ ತಿಕ್ಕಬಾರದಾಗಿತ್ತೇನು?”

“ಮೂಲ್ಯಾಗ ತಿಕ್ಕಿದ್ರ,” ಎಂದ ಬಕ್ಕಪ್ಪ, “ಗಾಡಿ ಹೊಡಿಯುವಾಗ ಅವಗ ಕಾಣತಿದ್ದಿಲ್ಲಲ್ಲ.”