ಅಪ್ರದಕ್ಷಿಣೆಯ ಹೊಲಿಗೆ

ಅರಕಲಗೂಡಿನ ಅತ್ತೆಮನೆಯಲ್ಲಿ ನಾನು ಎಂಟು ತಿಂಗಳ ಕಾಲ ಅಧಿಕೃತವಾಗಿ ಬಲಗೈಯವಳಾಗಿದ್ದೆ. ಹೊಳೆನರಸೀಪುರಕ್ಕೆ ನನ್ನನ್ನು ನೋಡಲು ಬಂದವರು ಹಾಡಿಸಿದರು, ನಡೆಸಿದರು, ಜಡೆ ನಿಜವೋ ಚೌರಿಯೋ ಎಂದು ಎಳೆದೂ ನೋಡಿದರು. ಸೂಜಿಯನ್ನು ಯಾವ ಕೈಯಲ್ಲಿ ಹಿಡಿಯುತ್ತೀ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅವಿನಯ ಎಂಬುದು ನಮ್ಮ ತಂದೆಯವರ ಅಭಿಪ್ರಾಯ. ಊಟಕ್ಕೆ, ಆರತಿಗೆ, ಕುಂಕುಮಕ್ಕೆ ನನ್ನ ಬಲಗೈಯನ್ನು ಪಳಗಿಸಿಯೇ ಕಳಿಸಿದ್ದರು. ಸೂಜಿ ಕಂಡರೆ ಮಾತ್ರ ಎಡಗೈ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ.

ಇದರಲ್ಲಿ ಹೆದರುವುದೇನಿತ್ತು ಎಂದರೆ, ಎಡಗೈಯವರು ತೊಟ್ಟಿಲು ಮುಟ್ಟಬಾರದು ಎಂಬುದು ನಮ್ಮ ಅತ್ತೆಯವರ ಕಾನೂನು. ಎದುರು ಮನೆಯ ಒಬ್ಬಾಕೆಯನ್ನು ಈ ಅಪರಾಧಕ್ಕಾಗಿ ಹತ್ತು ವರ್ಷದಿಂದ ಬಾಣಂತಿ ಕೋಣೆಯ ಹೊಸಿಲಲ್ಲೇ ನಿಲ್ಲಿಸಿದ್ದರು. ಮುಂದೆ ನನ್ನದೂ ಒಂದು ತೊಟ್ಟಿಲು ಆ ಮನೆಯ ತೊಲೆಗೆ ತೂಗಬೇಕಿತ್ತು. ಅದನ್ನು ನಾನು ಹೊಸಿಲಾಚೆ ನಿಂತು ನೋಡುವುದೇ?

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಗೆಯಲ್ಲಿ ಚನ್ನರಾಯಪಟ್ಟಣದ ನಾದಿನಿ ಗಂಡನ ಮನೆಯಲ್ಲೇ ಮೂರನೆಯ ಮಗು ಹೆತ್ತಳು. ನಾಮಕರಣಕ್ಕೆ ತಾಯಿಮಗು ಇಬ್ಬರಿಗೂ ಆಗುವಂಥ ಕೌದಿಯೊಂದನ್ನು ಒಯ್ಯಬೇಕೆಂದು ಅತ್ತೆಯವರು ತೀರ್ಮಾನಿಸಿದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಟ್ಟುವುದು ಅಲ್ಲಿಯ ಪದ್ಧತಿ. ಬೆಳಗಿನ ಸುತ್ತು ಅತ್ತೆಯವರದು. ಮಧ್ಯಾಹ್ನ ಅವರು ತೋಟಕ್ಕೆ ಹೋದ ಮೇಲಿನ ಸುತ್ತು ನನ್ನದು.

ಆ ಮಧ್ಯಾಹ್ನಗಳು ಈಗಲೂ ಅರೆಗಣ್ಣಿನಲ್ಲಿ ಕಂಡಂತೆಯೇ ನೆನಪಿವೆ. ಹಜಾರದ ತುಂಬ ಕೌದಿ ಕೆರೆಯಂತೆ ಹರಡಿರುತ್ತಿತ್ತು. ಸೂರಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಅದರ ಮೇಲೆ ನಿಧಾನವಾಗಿ ಈಜುತ್ತಿತ್ತು. ನಾನು ಕಂಡಿರದ ಅಜ್ಜಿಯೊಬ್ಬರ ಸೀರೆಯ ನೀಲಿಯನ್ನು ದಾಟಿ, ಅತ್ತೆಯವರ ಹರೆಯದ ಹಸಿರಿಗೆ ಸೂಜಿ ಕಾಲಿಡುತ್ತಿತ್ತು. ಜಗಲಿಯಲ್ಲಿ ಮಾವನವರ ಗೊರಕೆ. ಆ ಗೊರಕೆಯ ಲಯಕ್ಕೆ ಎಡಗೈ ತಾನೇ ತಾನಾಗಿ ನಡೆಯುತ್ತಿದ್ದರೆ, ಹೊಲಿಯುತ್ತಿರುವವಳು ನಾನೋ ಬೇರೆ ಯಾರೋ ಎಂದು ಅನುಮಾನವಾಗುತ್ತಿತ್ತು.

ಆರನೆಯ ದಿನ ಕೌದಿಯ ಹೊಟ್ಟೆ ಉಬ್ಬಿತು.

ಅತ್ತೆಯವರು ಒತ್ತಿದರು. ಇಲ್ಲಿ ಕೂತದ್ದು ಅಲ್ಲಿ ಎದ್ದಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ವಿಚಾರಣೆ ಆರಂಭಿಸಿದರು.

"ಅಲ್ಲ ಕಣಮ್ಮಿ, ನನ್ ಸುತ್ತು ದೇವಸ್ಥಾನ ಸುತ್ತಿದಂಗೆ ಬಲಕ್ಕೆ ಓಗ್ಯದೆ. ನಿಂದ್ಯಾಕೆ ಎಲ್ಲಾ ಉಲ್ಟಾ ಬಂದದೆ? ಒಬ್ರು ಅತ್ಲಾಗ್ ತಳ್ಳಿ ಒಬ್ರು ಇತ್ಲಾಗ್ ತಳ್ಳುದ್ರೆ ಬಟ್ಟೆ ಎಲ್ಲಿಗೋಗ್ಬೇಕು?"

ನಾನು ನೆಲ ನೋಡಿದೆ.

"ಯಾವ್ ಕೈಯಮ್ಮಿ?"

ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಉತ್ತರ ಅಷ್ಟರಲ್ಲೇ ಇತ್ತು.

ಜಗಲಿಯಿಂದ ಮಾವನವರ ದನಿ ಬಂತು: "ಕೌದಿ ತಾನೆ ಉಬ್ಬಿರೋದು? ನೀನ್ಯಾಕ್ ಉಬ್ತೀಯೆ?"

"ನೀವ್ ಸುಮ್ಕೆ ಮಲೀಕಳಿ."

ತೀರ್ಪು ಅಂದೇ ಹೊರಬಿತ್ತು. ನನ್ನ ಸುತ್ತುಗಳನ್ನೆಲ್ಲ ಬಿಚ್ಚಿ, ಬಲಗೈಯಲ್ಲಿ ಮತ್ತೆ ಹೊಲಿಯಬೇಕು. ನಾಮಕರಣಕ್ಕೆ ಐದು ದಿನವಿತ್ತು. ತೊಟ್ಟಿಲ ವಿಷಯ ಅತ್ತೆಯವರು ಎತ್ತಲಿಲ್ಲ. ಎತ್ತದೆ ಇದ್ದದ್ದೇ ನನಗೆ ಹೆಚ್ಚು ಭಯ ತಂದಿತು.

ಬ್ಲೇಡು ಹಳೆಯ ಬಟ್ಟೆಯನ್ನು ಸೀಳೀತೆಂದು ಜಾಲಿಮುಳ್ಳಿನಿಂದ ದಾರ ಎತ್ತಿ ಎತ್ತಿ ಬಿಚ್ಚಿದೆ. ಎರಡು ದಿನ ಹಿಡಿಯಿತು. ಬಿಚ್ಚಿದ ಕಡೆ ಸೂಜಿಯ ತೂತುಗಳು ಇರುವೆಸಾಲಿನಂತೆ ಉಳಿದವು. ನೀರು ಚಿಮುಕಿಸಿ ಉಗುರಿನಿಂದ ಉಜ್ಜಿದರೆ ಅವೂ ಮುಚ್ಚಿಕೊಳ್ಳುತ್ತಿದ್ದವು, ಏನೂ ನಡೆದೇ ಇಲ್ಲವೆನ್ನುವ ಹಾಗೆ. ಬಟ್ಟೆಗಿರುವ ಈ ಸೌಜನ್ಯ ಮನುಷ್ಯರಿಗೂ ಇರಬಾರದೇ ಎಂದುಕೊಳ್ಳುತ್ತ, ಮಡಿಲಲ್ಲಿ ಗುಡ್ಡೆಬಿದ್ದ ದಾರ ನೋಡುತ್ತ ಎಷ್ಟೋ ಹೊತ್ತು ಕೂತಿರುತ್ತಿದ್ದೆ.

ಬಲಗೈಯ ಹೊಲಿಗೆ ಹೇಗೆ ಬಂತೆಂದು ವಿವರಿಸುವುದು ಬೇಡ. ಹೆಂಡದಂಗಡಿಯಿಂದ ಮನೆಗೆ ಹೊರಟವನ ಹೆಜ್ಜೆಗಳಂತಿತ್ತು. ಅತ್ತೆಯವರು ಒಂದು ಸುತ್ತು ನೋಡಿದರು, ಉಸಿರುಬಿಟ್ಟರು, ಮುಳ್ಳು ತೆಗೆದುಕೊಂಡು ತಾವೇ ಬಿಚ್ಚಿದರು. ಇನ್ನು ಎರಡೇ ದಿನ.

ಆ ಮಧ್ಯಾಹ್ನ ಅವರು ತೋಟಕ್ಕೆ ಹೋಗಲಿಲ್ಲ. ಕೌದಿಯ ಸುತ್ತ ಎರಡು ಸಲ ನಡೆದರು. ಗಾಳಿಯಲ್ಲಿ ಸೂಜಿ ಆಡಿಸುವಂತೆ ಮೊದಲು ಬಲಗೈ, ಆಮೇಲೆ ಎಡಗೈ ಆಡಿಸಿದರು. ಗಣಿತದ ಮೇಷ್ಟರೊಬ್ಬರು ಲೆಕ್ಕ ಬಿಡಿಸುವ ಮುಖ ಅದು. ಕೊನೆಗೆ ಹೋಗಿ ಬೀದಿಬಾಗಿಲು ಮುಚ್ಚಿ ಬಂದರು.

"ನಡೂಕ್ಕೋಗಿ ಕುಂತ್ಕೊ. ಮಕ ನನ್ ಕಡಿಕ್ಕೆ."

ಕೌದಿಯ ಮೇಲೆ ಹತ್ತಿ ಕೂತೆ.

"ಈಗ ಎಡಗೈಲಿ ಆಕು."

ಹಾಕಿದೆ. ಹೊರಗೆ ಕೂತು ಒಳಮುಖವಾದ ಅವರ ಬಲಗೈ ಹೋಗುತ್ತಿದ್ದ ದಿಕ್ಕಿಗೇ, ಒಳಗೆ ಕೂತು ಹೊರಮುಖವಾದ ನನ್ನ ಎಡಗೈಯೂ ಹೋಯಿತು. ಪ್ರದಕ್ಷಿಣೆಯೇ! ಅತ್ತೆಯವರ ಮುಖದಲ್ಲಿ ಗೆಲುವು ಕಂಡಿತು. ಅದನ್ನು ತಕ್ಷಣವೇ ಗಂಟುಮುಖದೊಳಗೆ ಬಚ್ಚಿಟ್ಟರು.

ಎದುರುಬದುರಾಗಿ, ಒಂದೇ ಕಡೆಗೆ ಸರಿಯುತ್ತ ಹೊಲಿದೆವು. ಸೂಜಿಗಳು ಬಟ್ಟೆ ತೂರುವ ಸಣ್ಣ ಸದ್ದು ಬಿಟ್ಟರೆ ಮನೆ ನಿದ್ದೆಯಲ್ಲಿ ತೇಲುತ್ತಿತ್ತು.

ಬಾಗಿಲು ದಬ್ಬಿದ ಸದ್ದಾಯಿತು. ಅಗುಳಿ ಹಾಕುವುದನ್ನು ಮರೆತಿದ್ದರು. ಒಳಗೆ ಬಂದವಳು ಪಕ್ಕದ ಮನೆಯಾಕೆ, ಊರಿನ ಸುದ್ದಿಗೆಲ್ಲ ಹಕ್ಕುದಾರಳು. ಅತ್ತೆಯವರು ಕಣ್ಣು ಮಿಟುಕಿಸುವಷ್ಟರಲ್ಲಿ ಕೌದಿಯ ಅಂಚನ್ನು ಎಳೆದು ನನ್ನ ಕುತ್ತಿಗೆಯವರೆಗೆ ಹೊದಿಸಿಬಿಟ್ಟರು.

"ಇದೇನಕ್ಕಾ, ಈ ಸೆಕೇಲಿ?"

"ಚಳಿಜ್ವರ ಕಣೆ. ಅತ್ರ ಬರ್ಬೇಡ, ಅಂಟ್ಕತ್ತದೆ."

ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ. ದೂರದಲ್ಲೇ ಕೂತು ಊರೆಲ್ಲ ಮಾತಾಡಿದಳು. ನಾನು ಬೆವರಿನಲ್ಲಿ ತೊಯ್ದು, ರೋಗಿಯ ಗಾಂಭೀರ್ಯ ಕಾಪಾಡಿಕೊಂಡು, ಒಳಗೊಳಗೇ ಕುರುಡು ಹೊಲಿಗೆ ಹಾಕುತ್ತಿದ್ದೆ.

ಅವಳು ಎದ್ದುಹೋದ ಮೇಲೆ ಅತ್ತೆಯವರು ಅಗುಳಿ ಹಾಕಿ ಬಂದು ನೋಡಿದರು. ಏಳೆಂಟು ಹೊಲಿಗೆ ಸೊಟ್ಟ, ಒಂದು ನನ್ನ ಸೀರೆಗೂ ಸೇರಿಕೊಂಡಿತ್ತು.

"ಕೊಡಿಲ್ಲಿ," ಎಂದು ಮುಳ್ಳಿನಿಂದ ತಾವೇ ಬಿಚ್ಚಿದರು. ದಾರವನ್ನು ನೆಟ್ಟಗೆ ಮಾಡಿ, ಸೂಜಿಗೆ ಪೋಣಿಸಿ, ಚಾಚಿದ ನನ್ನ ಬಲಗೈಯನ್ನು ಅತ್ತ ಸರಿಸಿ, ಎಡಗೈಗೆ ಕೊಟ್ಟರು.