ಮದರಂಗಿಯ ಕೆಳಗಿನ ಉಗುರು

ಗಂಗಕ್ಕನನ್ನು ಖಾನಾವಳಿಯಿಂದ ಓಡಿಸಿದವಳು ನಾನು. ಅದನ್ನು ನಡೆಸುತ್ತಿದ್ದ ಸಾವಕಾರರಲ್ಲ, ದೂರು ಹೇಳಿದ ಗಿರಾಕಿಯೂ ಅಲ್ಲ — ನಾನು. ಹನ್ನೊಂದು ವರ್ಷ ಈ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಊರೆಲ್ಲ ತಿರುಗಿದ್ದೇನೆ. ಇನ್ನು ಸಾಕು. ಓದಿ ಬೈಯುವವರು ಬೈಯಲಿ. ಪಾಪ, ಹೊಟ್ಟೆಪಾಡು ಎಂದು ಸಮಾಧಾನ ಹೇಳುವವರು ಮಾತ್ರ ದಯವಿಟ್ಟು ಸುಮ್ಮನಿರಲಿ.

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹತ್ತಿರ ಆ ಖಾನಾವಳಿ. ನಾನು, ಗಂಗಕ್ಕ, ಮತ್ತೊಬ್ಬಳು — ಮೂವರೂ ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದೆವು. ಯಾರ್ಡಿನಲ್ಲಿ ತೂಕದ ಕೆಲಸ ಮಾಡುತ್ತಿದ್ದ ಗಂಗಕ್ಕನ ಮಗನೂ ದಿನಾ ಅಲ್ಲೇ ಉಣ್ಣುತ್ತಿದ್ದ. ಅವಳು ನನಗಿಂತ ದೊಡ್ಡವಳು. ಕುದಿನೀರು ಹಾಕಿ ಹಿಟ್ಟು ನಾದುವುದನ್ನು ಕಲಿಸಿದವಳೇ ಅವಳು. ಅವಳ ಮೊಣಕೈ ಮೇಲೆ ಕೆಂಪು ಕಲೆ, ಅದರ ಮೇಲೆ ಬೆಳ್ಳನೆಯ ಹೊಟ್ಟು. ಒಂದು ದಿನ ಸೆರಗು ಸರಿಸಿ ನನಗಷ್ಟೇ ತೋರಿಸಿ, "ನಿನಗೂ ಎಲ್ಲೆರ ಹಿಂಗ ಆಗೇತೇನ, ಶಾಂತಾ?" ಎಂದು ಕೇಳಿದ್ದಳು. "ಇಲ್ಲಕ್ಕ" ಎಂದೆ.

ಸುಳ್ಳು. ನನ್ನ ಹತ್ತೂ ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿ, ಹಳದಿ ಕಲೆ. ಎರಡಂತೂ ತುದಿಯಲ್ಲಿ ಎದ್ದೇ ಬಂದಿದ್ದವು. ಲಿಂಬೆರಸ ತಿಕ್ಕಿದೆ, ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು ಹಚ್ಚಿದೆ, ಪಿನ್ನು ಹಾಕಿ ಕೆರೆದೆ — ಕೆರೆದಷ್ಟೂ ಹೆಚ್ಚಾಯಿತು. ಕೊನೆಗೆ ಎಂಟು ದಿನಕ್ಕೊಮ್ಮೆ ಮದರಂಗಿ. ಕೇಳಿದವರಿಗೆ ಮೈಗೆ ತಂಪು ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ತಾಟು ಸರಿಸಿ ಎದ್ದ: ರೊಟ್ಟಿ ಬಡಿಯುವವರಲ್ಲಿ ಯಾರಿಗೋ ಕೈರೋಗವಂತೆ. ಸಾವಕಾರರು ಒಳಗೆ ಬಂದು, "ಕೈ ತೋರಸ್ರಿ ಎಲ್ಲಾರೂ" ಎಂದರು. ನನ್ನ ಸರದಿ ಬರುವ ಮೊದಲೇ — ಯಾರೂ ನನ್ನನ್ನು ಕೇಳಿರಲಿಲ್ಲ, ಯಾರೂ — ನಾನೇ ಬಾಯಿಬಿಟ್ಟೆ.

"ಗಂಗಕ್ಕನ ಮೊಣಕೈ ನೋಡ್ರಿ, ಸಾವಕಾರ್ರ. ಅಂಟುರೋಗ ಐತಿ."

ಗಂಗಕ್ಕ ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು. ನಾಳೆಯಿಂದ ಬರಬೇಡ ಎಂದರು ಸಾವಕಾರರು; ನನ್ನ ಕೈ ನೋಡಲೇ ಇಲ್ಲ. ಅವಳು ಕೈಯ ಹಿಟ್ಟು ತೊಳೆದುಕೊಂಡು ಮುನವಳ್ಳಿಯ ಮನೆಗೆ ಬಸ್ಸು ಹತ್ತಿದಳು.

ಕಳೆದ ವರ್ಷ ಬೆರಳ ಗೆಣ್ಣು ಬಾತು, ಬೆಳಗಾವಿಯ ಚರ್ಮದ ಡಾಕ್ಟರರ ಹತ್ತಿರ ಹೋದೆ. ಸೋರಿಯಾಸಿಸ್ ಎಂದರು. "ಇದು ಯಾರಿಗೂ ಅಂಟಂಗಿಲ್ರಿ." ಉಗುರು ಗಿಡ್ಡಗೆ ಕತ್ತರಿಸಬೇಕು, ಕೆರೆಯಬಾರದು, ಬರೆದುಕೊಟ್ಟ ಮುಲಾಮು ಬಿಡದೆ ಹಚ್ಚಬೇಕು, ಇಳಿಯುತ್ತದೆ, ಮತ್ತೆ ಬರಲೂಬಹುದು, ಹೆದರುವಂಥದ್ದಲ್ಲ. ಗಂಗಕ್ಕನ ಮೊಣಕೈ ಬಗ್ಗೆ ಹೇಳಿದೆ. ಅದೂ ಇದೇ ಇರಬೇಕು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಇಷ್ಟೇ ಆಗಿತ್ತೇ? ಇಷ್ಟಕ್ಕಾಗಿ ನಾನು ಅವಳ —

ಅಂದಿನಿಂದ ಮದರಂಗಿ ಬಿಟ್ಟೆ. ಈಗ ನನ್ನದೇ ಸಣ್ಣ ರೊಟ್ಟಿ ಅಂಗಡಿ. ರಸ್ತೆಗೆ ಮುಖ ಮಾಡಿ ಕುಳಿತು ಬಡಿಯುತ್ತೇನೆ. "ಉಗುರಿಗೇನ ಆಗೇತ್ರಿ?" ಎಂದು ಕೇಳಿದವರಿಗೆ ರೋಗದ ಹೆಸರು ಹೇಳುತ್ತೇನೆ. ಬೇಡವೆನ್ನುವವರು ಮುಂದಿನ ಅಂಗಡಿಗೆ ಹೋಗಲಿ, ದಾರಿ ಬೇಕಾದರೆ ನಾನೇ ತೋರಿಸುತ್ತೇನೆ. ಆದರೆ ಗಂಗಕ್ಕನ ಮುಂದೆ ನಿಲ್ಲದೆ ತೋರಿಸಿದ ಧೈರ್ಯ ಎಂಥ ಧೈರ್ಯ?

ಒಂದು ದಿನ ಮಧ್ಯಾಹ್ನ ಮುನವಳ್ಳಿಗೆ ಹೋದೆ; ಗಂಗಕ್ಕನ ಜೊತೆ ಸೊಸೆ, ಮೊಮ್ಮಗಳು ಇದ್ದರು. ಆ ಮನೆಯಲ್ಲಿ ಗಂಗಕ್ಕನಿಗೆ ಬೇರೆ ತಾಟು, ಬೇರೆ ತಂಬಿಗೆ. ಅಂದಿನಿಂದ ಹಿಟ್ಟು ಮುಟ್ಟಗೊಟ್ಟಿರಲಿಲ್ಲ. ನಾನು ಸೊಸೆಯ ಮುಂದೆ ಎರಡೂ ಕೈ ಚಾಚಿದೆ.

"ನಿನ್ನ ಗಂಡ ದಿನಾ ಈ ಕೈ ರೊಟ್ಟಿ ತಿಂದಾನ. ಅವಗ ಏನ ಆಗೇತಿ, ತೋರಸು. ನಿಮ್ಮತ್ತಿಗೆ ಆಗಿದ್ದೂ ಇದ. ಅಂಟುರೋಗ ಅಂತ ಸುಳ್ಳ ಹೇಳಿದಾಕಿ ನಾನು."

ಸೊಸೆ ಬಗ್ಗಿ ನನ್ನ ಉಗುರು ನೋಡಿದಳು. ಗಂಗಕ್ಕ ಮಾತಾಡಿದಳು.

"ಉಗುರು ಬೆಳದಂಗ ಬುಡದಾಗ ನಿನ್ನ ಮದರಂಗಿ ಬಿಡತಿತ್ತು. ನನಗ ಮೊದಲ ಗೊತ್ತಿತ್ತು. ಆವತ್ತ ನಿಂದು ನೀನ ಹೇಳತಿ ಅಂತ ಕುಂತಿದ್ದೆ."

ನನ್ನ ಹೆಸರು ಹೇಳುವುದು ಅವಳಿಗೆ ಎಷ್ಟು ಹೊತ್ತಿನ ಕೆಲಸವಾಗಿತ್ತು! ಹೇಳಿರಲಿಲ್ಲ.

ಅವಳು ಎದ್ದು ಒಲೆಯ ಮುಂದೆ ಕುಳಿತು ಹಿಟ್ಟಿನ ಪರಾತ ಎಳೆದುಕೊಂಡಳು. ತಡೆಯಲು ಮುಂದೆ ಬಂದ ಸೊಸೆಯ ಕೈ ಹಾಗೇ ಹಿಂದೆ ಹೋಯಿತು. ರೊಟ್ಟಿ ಬಡಿಯುವ ಅದೇ ಸಪ್ಪಳ. ಮೊದಲ ರೊಟ್ಟಿಯನ್ನು ಮೊಮ್ಮಗಳ ತಾಟಿಗೆ ಹಾಕಿದಳು, ಎರಡನೆಯದನ್ನು ಸೊಸೆಯ ತಾಟಿಗೆ. ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸುವ ಹೆಂಗಸಲ್ಲ ಗಂಗಕ್ಕ.

ನನಗೆ ತಾಟು ಇಡಲಿಲ್ಲ. ನಾನೂ ಕೇಳಲಿಲ್ಲ.