ಟ್ರೈಲರ್‌ನಲ್ಲಿ ಅಮ್ಮನ ಅಳು

ಈ ಶುಕ್ರವಾರ ಆ ಸಿನಿಮಾ ಬಿಡುಗಡೆ. ಮುಳಬಾಗಿಲಿನಿಂದ ಕೋಲಾರದವರೆಗೆ ಹೆದ್ದಾರಿಯ ಉದ್ದಕ್ಕೂ ನಾಯಕ, ನಾಯಕಿಯ ಫ್ಲೆಕ್ಸ್. ನಾಯಕ ಟೊಮೆಟೊ ಕ್ರೇಟು ಹೊತ್ತು ನಿಂತಿದ್ದಾನೆ, ನಾಯಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನನ್ನೇ ನೋಡುತ್ತಿದ್ದಾಳೆ. ಅಷ್ಟು ನುಣುಪಾದ ಕೈಯಲ್ಲಿ ಕ್ರೇಟು ಹೊರುವವರನ್ನು ಕೋಲಾರದ ಮಾರ್ಕೆಟ್ಟಿನಲ್ಲಿ ನಾನಂತೂ ಕಂಡಿಲ್ಲ. ಆದರೆ ನಾನು ಪಾಠ ಹೇಳುವ ಕಾಲೇಜಿನ ಮಕ್ಕಳಿಗೆ ಬೇರೆ ಮಾತೇ ಇಲ್ಲ. ಆ ಜೋಡಿ ಮೊದಲ ಸಲ ಒಟ್ಟಿಗೆ ನಟಿಸಿದೆ, ಅದೂ ನಮ್ಮ ಸೀಮೆಯ ಕತೆಯಲ್ಲಿ. ಮಾಲೂರಿನಿಂದ ಬರುವ ಹುಡುಗಿಯರು ನಾಯಕಿ ಉಟ್ಟಂಥದ್ದೇ ಸೀರೆ ಹುಡುಕಿಟ್ಟುಕೊಂಡಿದ್ದಾರೆ. ಜಿಲ್ಲೆಗೆ ಜಿಲ್ಲೆಯೇ ತುದಿಗಾಲಲ್ಲಿ ನಿಂತಿದೆ. ನಮ್ಮ ಮನೆಯಲ್ಲಿ ಮಾತ್ರ ಮೊನ್ನೆಯವರೆಗೂ ಆ ಶುಕ್ರವಾರ ಬಾರದಿದ್ದರೆ ಸಾಕು ಎನ್ನುವ ಹಾಗಿತ್ತು.

ಕಾರಣ ನಮ್ಮಮ್ಮ. ಹೋದ ಬೇಸಿಗೆಯಲ್ಲಿ ಆವನಿಯ ಹತ್ತಿರದ ನಮ್ಮ ಊರಿನಲ್ಲೇ ಶೂಟಿಂಗ್ ನಡೆಯಿತು. ನಾಯಕ ಸತ್ತು ಮಲಗಿರುವ ದೃಶ್ಯ. ಸುತ್ತ ಕೂತು ಅಳಲು ಊರ ಹೆಂಗಸರನ್ನೇ ಕರೆದಿದ್ದರು. ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ ಅವನನ್ನು ಅಷ್ಟು ಹತ್ತಿರದಿಂದ ಕಂಡು ಎಲ್ಲರಿಗೂ ನಗು ಬರುತ್ತಿತ್ತೇ ಹೊರತು ಅಳು ಬರಲಿಲ್ಲ. ನಿರ್ದೇಶಕರು ತಲೆ ಚಚ್ಚಿಕೊಂಡು, "ನಿಮ್ಮ ಸ್ವಂತ ಮಗ ಅಂದ್ಕೊಳ್ರಮ್ಮ," ಎಂದರು. ಅಮ್ಮನಿಗೆ ಮಗನಿಲ್ಲ. ಅಪ್ಪ ಹೋದ ಮೇಲೆ ಅವಳಿಗಿರುವವಳು ನಾನೊಬ್ಬಳೇ.

ಅಮ್ಮ ಶುರು ಮಾಡಿದಳು. ನಮ್ಮ ಕಡೆ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಅವರ ಗುಣ ಹೇಳಿಕೊಂಡು ರಾಗವಾಗಿ ಅಳುತ್ತಾರೆ. "ಕೊಡಕಾ," ಎಂದು ತೆಲುಗಿನಲ್ಲಿ ಮಗನನ್ನು ಕೂಗಿ, ಉಳಿದದ್ದನ್ನು ಕನ್ನಡದಲ್ಲಿ ಅತ್ತಳು. "ಹೆಲ್ಮೆಟ್ಟೂ ತೆಗೀದೆ ಚೊಂಬೆತ್ತಿ ನೀರು ಕುಡಿಯೋನೇ. ಸಾರು ಚೆನ್ನಾಗೈತೆ ಅಂತ ಒಂದಿನ ಬಾಯ್ಬಿಟ್ಟು ಹೇಳ್ದೆ ಎರಡೆರಡು ಸಲ ಹಾಕಿಸ್ಕೊಳ್ಳೋನೇ. ನಂಗೆ ಜ್ವರ ಬಂದ್ರೆ ನನ್ ಮೇಲೇ ರೇಗೋನೇ."

ಸುತ್ತ ಕೂತಿದ್ದವರೆಲ್ಲ ಗೊಳೋ ಎಂದರು. ನಾನು ಕ್ಯಾಮೆರಾದ ಹಿಂದೆ ನಿಂತಿದ್ದೆ. ಕಾಲೇಜಿನಿಂದ ಬಂದು ಹೆಲ್ಮೆಟ್ ತೆಗೆಯದೆ ನೀರು ಕುಡಿಯುವವಳು ನಾನು. ರೇಗುವವಳೂ ನಾನೇ. ಎದುರಿಗೆ ಎಂದೂ ಒಂದು ಒಳ್ಳೆಯ ಮಾತಾಡದ ಈ ಹೆಂಗಸು ನನ್ನ ಹೆಣದ ಮುಂದೆ ಆಡಲು ಇಷ್ಟೊಂದು ಕೂಡಿಟ್ಟುಕೊಂಡಿದ್ದಾಳಲ್ಲ ಎಂದು ಸಿಟ್ಟೂ ಬಂತು, ಸಂಕಟವೂ ಆಯಿತು.

ಆಗ ನಾವಿಬ್ಬರೂ ಆ ಮಾತೆತ್ತಲಿಲ್ಲ. ಟ್ರೈಲರ್ ಬಂದಾಗ ಎಲ್ಲ ಕೆಟ್ಟಿತು. ನಾಯಕಿ ಗದ್ದೆ ಬದುವಿನ ಮೇಲೆ ಓಡಿ ಬರುತ್ತಾಳೆ, ನಾಯಕನ ಮುಖ ಕಾಣುತ್ತದೆ, ಹಿಂದೆ ಅಮ್ಮನ ದನಿ. ಹುಡುಗರು ಅದಕ್ಕೆ ಬಾಯಿ ಆಡಿಸಿ ರೀಲ್ಸ್ ಮಾಡಿದರು. ಬಸ್ಸಿನಲ್ಲಿ, ಬೇಕರಿಯ ಮುಂದೆ, ಸ್ಟಾಫ್ ರೂಮಿನಲ್ಲಿ, ಎಲ್ಲಿ ಹೋದರೂ ನನ್ನ ಸಾವಿನ ಹಾಡು. ಪಕ್ಕದ ಮನೆಯವರ ಫೋನಿನಲ್ಲಿ ಅಮ್ಮನೂ ಅದನ್ನು ಕೇಳಿದಳು. ಬದುಕಿರುವ ಮಗಳನ್ನು ಬಾಯಾರೆ ಸಾಯಿಸಿದೆ, ಇನ್ನು ಜನರೆಲ್ಲ ಕೂತು ಕೇಳಿದರೆ ಅದು ನಿಜವಾಗುತ್ತದೆ ಎಂಬುದು ಅವಳ ತಲೆಗೆ ಹೊಕ್ಕಿತು. ಅಂದಿನಿಂದ ನನ್ನ ಸ್ಕೂಟರಿನ ಕೀ ಅವಳ ಸೆರಗಿನ ಗಂಟಿನಲ್ಲಿ. ನನ್ನ ಬಸ್ಸು ತಡವಾದರೆ ಅವಳಿಗೆ ಅನ್ನ ಇಳಿಯುವುದಿಲ್ಲ.

"ಆ ಹೀರೋ ಗುಂಡ್ಕಲ್ಲಂಗೆ ಇದಾನಮ್ಮ. ದಿನಾ ಇಂಟರ್‌ವ್ಯೂ ಕೊಡ್ತಿದಾನೆ, ನೋಡು," ಎಂದು ಫೋನು ಹಿಡಿದೆ.

"ನಾನು ಅವನಿಗಾ ಅತ್ತಿದ್ದು?" ಎಂದಳು.

ಅವಳ ಹೆದರಿಕೆ ನನಗೂ ಅಂಟಿತ್ತು. ರಸ್ತೆ ದಾಟುವಾಗ ಲಾರಿಯ ಹಾರನ್ ಕೇಳಿದರೆ ಅರ್ಧಕ್ಕೇ ಹಿಂದಿರುಗಿ ಬರುತ್ತಿದ್ದೆ. ಕುರುಡುಮಲೆ ಗಣಪನ ಮುಂದೆ ಕಾಯಿ ಒಡೆಸಿದೆವು. ಕಾಯಿ ಸರಿಯಾಗಿಯೇ ಒಡೆಯಿತು, ನಮಗೆ ಸಮಾಧಾನವಾಗಲಿಲ್ಲ.

ಮೊನ್ನೆ ಶ್ರೀನಿವಾಸಪುರದಿಂದ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಬಂದರು. ಎಲ್ಲ ಕೇಳಿಸಿಕೊಂಡು, "ಥೂ, ನಿನ್ ಬುದ್ಧಿಗಿಷ್ಟು," ಎಂದು ಅಮ್ಮನನ್ನು ಬೈದರು. "ಯಾರ್ ತಲೆಗಾದ್ರೂ ಕಾಗೆ ಬಡಿದು ಅಪಶಕುನ ಆದ್ರೆ ಏನ್ ಮಾಡ್ತಿದ್ವಿ? ಸತ್ತೋದ್ರು ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸ್ತಿರ್ಲಿಲ್ವಾ? ಅವ್ರು ಅತ್ಬಿಟ್ರೆ ಗಂಡಾಂತರ ಕಳೀತು ಅಂತ ತಾನೆ? ಬದುಕಿರೋರಿಗೆ ಅತ್ರೆ ಆಯಸ್ಸು ಗಟ್ಟಿ ಕಣೇ."

ಅಮ್ಮ ಎದ್ದು, ಎಲೆಕ್ಷನ್ನಿಗೆ ನಿಂತವಳ ಹಾಗೆ ಮನೆಮನೆಗೂ ಹೊರಟಳು. "ಶುಕ್ರವಾರ ಎಲ್ರೂ ಬನ್ರಿ. ನನ್ ಸೀನು ಬಂದಾಗ ಚೆನ್ನಾಗಿ ಅತ್ಬಿಡ್ರಿ," ಎಂದು ಹೇಳಿದ್ದೇ ಹೇಳಿದ್ದು. ಈಗ ಹೆದರಿಕೆ ಇನ್ನೊಂದು ದಾರಿ ಹಿಡಿಯಿತು. ರೀಲ್ಸ್ ಮಾಡಿದ ಹುಡುಗರು ಥಿಯೇಟರಿನಲ್ಲಿ ಶಿಳ್ಳೆ ಹೊಡೆದು ನಕ್ಕುಬಿಟ್ಟರೆ? ಯಾರೂ ಅಳದಿದ್ದರೆ ಗಂಡಾಂತರ ಕಳೆಯುವುದು ಹೇಗೆ? ನಾಯಕಿ ಚೆನ್ನಾಗಿ ಅತ್ತಿರಲಪ್ಪ, ಅವಳನ್ನು ನೋಡಿಯಾದರೂ ಜನ ಅಳಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದೆ. ಓದಿದವಳೆಂಬ ಹಮ್ಮು ಎಲ್ಲಿ ಹೋಯಿತೋ ಕಾಣೆ.

ನಿನ್ನೆ ಸಂಜೆ ಕೋಲಾರದ ಥಿಯೇಟರಿನ ಮೊದಲ ಆಟಕ್ಕೆ ಟಿಕೆಟ್ ತೆಗೆಯಲು ಫೋನು ಹಿಡಿದು ಕೂತೆ. ಪರದೆ ಚೆನ್ನಾಗಿ ಕಾಣಬೇಕಾದರೆ ಮಧ್ಯದಲ್ಲಿ ಕೂರೋಣವೋ ಹಿಂದೋ ಎಂದು ಅಮ್ಮನನ್ನು ಕೇಳಿದೆ.

"ನಂಗೆ ಪರದೆ ಕಾಣ್ದಿದ್ರೂ ಪರ್ವಾಗಿಲ್ಲ," ಎಂದಳು. "ಸುಳ್ಳು ಸುದ್ದಿಗೆ ಅತ್ತೋರು ಆಮೇಲೆ ಬದುಕಿರೋರನ್ನ ಕಣ್ಣಾರೆ ನೋಡ್ಬೇಕು. ಅವ್ರೆಲ್ಲ ಅಳೋ ಹೊತ್ಗೆ ನಾನು ನಿನ್ ಮುಖ ನೋಡ್ತಾ ಕೂತಿರ್ತೀನಿ. ನೀನು ಅಳ್ಬೇಡ. ಉಸಿರಾಡ್ತಾ ಇರು, ಸಾಕು."